ಸೇವೆಯಲ್ಲಿ ಸವೆದು ಮರಣವನ್ನು ಗೆದ್ದ ಸಂತ ಜೋಸೆಫ್ ವಾಜ್

ಸಂಜೆ ಕತ್ತಲಾಗುತ್ತಲೇ ಮನೆಯ ದೇವರ ಪೀಠದೆದುರು ದೀಪ ಹಚ್ಚಿ, ಹಿರಿಯರು ಕಿರಿಯರೆಲ್ಲ ಕೂಡಿ ಜಪಸರ ಮಾಡುವುದು ನಮ್ಮ ಕಥೋಲಿಕ ಕುಟುಂಬಗಳು ಪರಂಪರೆಯಿಂದ ಉಳಿಸಿಕೊಂಡು ಬಂದ ಸಂಪ್ರದಾಯ. ಭಟ್ಕಳದಿಂದ ಕುಮಟಾದವರೆಗಿನ ಕರಾವಳಿಯ ಮನೆಗಳಲ್ಲಿ ಇಂದಿಗೂ ಆ ದನಿ ಕೇಳಿಬರುತ್ತದೆ. ಐದು ದಶಕಗಳ ಆ ಜಪದಲ್ಲಿ ನಾವು ಮಾತೆ ಮರಿಯಮ್ಮನವರನ್ನು ಐವತ್ತು ಬಾರಿ ಬೇಡಿಕೊಳ್ಳುವುದು ಎರಡು ಗಳಿಗೆಗಳಿಗಾಗಿ. ಒಂದು ಈಗಿನ ಗಳಿಗೆ, ಮತ್ತೊಂದು ನಮ್ಮ ಮರಣದ ಗಳಿಗೆ. ತುಟಿಗೆ ಅಭ್ಯಾಸವಾಗಿಬಿಟ್ಟಿರುವ ಆ ಮಾತಿನ ಅರ್ಥ ಮನಸ್ಸಿಗೆ ತಟ್ಟುವುದು ಅಪರೂಪ. ಮರಣವು ನಮಗೆ ಎಲ್ಲೋ ದೂರದಲ್ಲಿರುವ ಸಂಗತಿ. ಈಗಿನ ಗಳಿಗೆಯೋ ನೂರೆಂಟು ಕೆಲಸಗಳಿಗೆ ಮೀಸಲು. ಈ ಎರಡು ಗಳಿಗೆಗಳಿಗೆ ಏನು ಸಂಬಂಧವೆಂದು ನಾವು ಕೇಳಿಕೊಳ್ಳುವುದಿಲ್ಲ.

ಆ ಸಂಬಂಧವನ್ನು ಮಾತಿನಿಂದಲ್ಲ, ಇಡೀ ಬಾಳಿನಿಂದ ತೋರಿಸಿಕೊಟ್ಟ ಪುಣ್ಯಪುರುಷರೊಬ್ಬರು ನಮ್ಮ ಈ ಕರಾವಳಿಯಲ್ಲಿಯೇ ದುಡಿದು ಹೋಗಿದ್ದಾರೆ. ಅವರೇ ಸಂತ ಜೋಸೆಫ್ ವಾಜ್. ಜಗತ್ತು ಅವರನ್ನು ಶ್ರೀಲಂಕಾದ ಪ್ರೇಷಿತರೆಂದು ಗೌರವಿಸುತ್ತದೆ. ಪ್ರತಿ ವರ್ಷ ಜನವರಿ 16ರಂದು ಅವರ ಹಬ್ಬವನ್ನು ಆಚರಿಸಲಾಗುತ್ತದೆ. ಆದರೆ ಲಂಕೆಗೆ ಹೋಗುವ ಮೊದಲು ಅವರು ಸೇವೆಯ ಪಾಠ ಕಲಿತದ್ದು ಕೆನರಾದ ನೆಲದಲ್ಲಿ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಆದ್ದರಿಂದ ಈ ವಾರ ಅವರ ಜೀವನವನ್ನು ಓದುಗರ ಮುಂದೆ ಇಡಬಯಸುತ್ತೇವೆ.

ಜೋಸೆಫ್ ವಾಜ್ ಅವರು 1651ರ ಏಪ್ರಿಲ್ 21ರಂದು ಗೋವೆಯ ಸಾಸಷ್ಟಿ ಪ್ರಾಂತದ ಬಾಣಾವಲಿ ಗ್ರಾಮದಲ್ಲಿ ಜನಿಸಿದರು. ಅದು ಅವರ ತಾಯಿಯ ತವರೂರು. ತಂದೆ ಕ್ರಿಸ್ತೋವಾಂವ್ ವಾಜ್ ಅವರ ಊರು ಸಾಂಕ್ವಾಳ. ತಾಯಿ ಮರಿಯಾ ದೆ ಮಿರಾಂದಾ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಮನೆಮಾತು ಕೊಂಕಣಿ. ತಂದೆಯ ಊರಿನಲ್ಲಿ ಪೋರ್ಚುಗೀಸ್, ತಾಯಿಯ ಊರಿನಲ್ಲಿ ಲತೀನ್ ಭಾಷೆಯನ್ನು ಕಲಿತು, ಹಳೇ ಗೋವೆಯಲ್ಲಿ ಯೇಸುಸಭೆಯವರ ಹಾಗೂ ದೊಮಿನಿಕನ್ನರ ವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗ ಮಾಡಿ, 1676ರಲ್ಲಿ ಗುರುದೀಕ್ಷೆ ಪಡೆದರು. ಸ್ಥಿತಿವಂತರ ಮನೆಯ ಮಗನಾದರೂ ದೀಕ್ಷೆಯ ನಂತರ ಅವರು ಪಾದರಕ್ಷೆಯನ್ನು ತ್ಯಜಿಸಿದರು. ಬರಿಗಾಲಲ್ಲಿ ನಡೆಯುವ ಬಡವರ ನಡುವೆ ತಾವೂ ಅವರಂತೆಯೇ ನಡೆಯಬೇಕೆಂಬುದು ಅವರ ಹಂಬಲವಾಗಿತ್ತು. ಮರುವರ್ಷ, ಅಂದರೆ 1677ರ ಆಗಸ್ಟ್ 5ರಂದು, ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಸಮರ್ಪಿಸಿಕೊಂಡು ಅದನ್ನು ಪತ್ರದಲ್ಲಿ ಬರೆದಿಟ್ಟರು. ಅಂದಿನಿಂದ ತಮ್ಮ ಜೀವದ ಮೇಲೆ ತಮಗೆ ಒಡೆತನವಿಲ್ಲವೆಂಬುದು ಅವರ ಭಾವನೆ.

ಆ ಕಾಲದ ಕೆನರಾದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳುವುದು ಒಳಿತು. ಗೋವೆಯಿಂದ ವಲಸೆ ಬಂದ ಅನೇಕ ಕ್ರೈಸ್ತ ಕುಟುಂಬಗಳು ಈ ಕರಾವಳಿಯ ಉದ್ದಕ್ಕೂ ನೆಲೆಸಿದ್ದವು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕನು ಹೊನ್ನಾವರವೂ ಸೇರಿದಂತೆ ಕರಾವಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದಬ್ಬಿದ್ದನು. ಅದರೊಂದಿಗೆ ಧರ್ಮಗುರುಗಳ ಆಸರೆಯೂ ತಪ್ಪಿಹೋಗಿತ್ತು. 1678ರಲ್ಲಿ ಕೆಳದಿಯ ಅರಸೊತ್ತಿಗೆಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, ಮಿರ್ಜಾನ್, ಚಂದಾವರ, ಹೊನ್ನಾವರ, ಭಟ್ಕಳ ಮತ್ತು ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಈ ಐದರಲ್ಲಿ ನಾಲ್ಕು ಊರುಗಳು ಇಂದಿನ ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿಯೇ ಇವೆ. ಆದರೆ ಅನುಮತಿ ದೊರೆತ ಮಾತ್ರಕ್ಕೆ ಇಗರ್ಜಿ ಎದ್ದು ನಿಲ್ಲುವುದಿಲ್ಲ. ಅದಕ್ಕಾಗಿ ದುಡಿಯುವ ಕೈಗಳು ಬೇಕು.

ಅಂತಹ ಸಮಯದಲ್ಲಿ, 1681ರಲ್ಲಿ, ಮೂವತ್ತು ವರ್ಷದ ಗುರು ಜೋಸೆಫ್ ವಾಜ್ ಕೆನರಾದ ಮುಖ್ಯ ಗುರುವಾಗಿ ನೇಮಕಗೊಂಡು ಬಂದರು. ಕೆಳದಿಯಲ್ಲಿ ಆಗ ರಾಣಿ ಚೆನ್ನಮ್ಮನ ಆಡಳಿತ. ಹೆದ್ದಾರಿಯಾಗಲಿ ಸೇತುವೆಯಾಗಲಿ ಇರದ ಆ ದಿನಗಳಲ್ಲಿ ಗೋವೆಯಿಂದ ನೆಲದ ದಾರಿಯಲ್ಲಿ ದಕ್ಷಿಣಕ್ಕೆ ಬರುವವರು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳನ್ನು ದೋಣಿಯಲ್ಲಿ ದಾಟಬೇಕಾಗಿತ್ತು. ವಾಜ್ ಅವರು ಮೂರು ವರ್ಷಗಳ ಕಾಲ ಊರೂರು ತಿರುಗಿ, ಚದುರಿಹೋಗಿದ್ದ ಕುಟುಂಬಗಳನ್ನು ಒಗ್ಗೂಡಿಸಿದರು. ಮಂಗಳೂರಿನ ರೊಜಾರಿಯೋ ಇಗರ್ಜಿಯನ್ನು ಮರುಕಟ್ಟಿದರು. ಹೊನ್ನಾವರ, ಬಸರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಹೊಸ ಇಗರ್ಜಿಗಳನ್ನು ಕಟ್ಟಿಸಿದರು. ಮಕ್ಕಳಿಗೆ ಅಕ್ಷರ ಕಲಿಸುವ ಪುಟ್ಟ ಶಾಲೆಗಳನ್ನೂ, ಭಕ್ತರ ಸಂಘಗಳನ್ನೂ ಏರ್ಪಡಿಸಿದರು. ವರ್ಷಗಟ್ಟಲೆ ಪಾಪನಿವೇದನೆಯನ್ನೂ ಪರಮಪ್ರಸಾದವನ್ನೂ ಕಾಣದೆ ಇದ್ದವರಿಗೆ ಸಂಸ್ಕಾರಗಳನ್ನು ನೀಡಿದರು. ಮಂಗಳೂರಿಗೆ ಸಮೀಪದ ಮುಡಿಪುವಿನಲ್ಲಿ ಅವರ ಪ್ರಾರ್ಥನೆಯ ನೆನಪನ್ನು ಹೊತ್ತ ಪುಣ್ಯಕ್ಷೇತ್ರವಿದೆ. ಅಲ್ಲಿಗೆ ಇಂದಿಗೂ ಯಾತ್ರಿಕರು ಹೋಗುತ್ತಾರೆ.

ಈ ಮೂರು ವರ್ಷಗಳಲ್ಲಿ ಅವರ ಮನಸ್ಸನ್ನು ಬಹಳವಾಗಿ ನೋಯಿಸಿದ ಸಂಗತಿ ಬಡತನವಲ್ಲ, ದಾರಿಯ ಕಷ್ಟವೂ ಅಲ್ಲ. ಕೆನರಾದ ಕ್ರೈಸ್ತರು ಯಾರ ಅಧಿಕಾರಕ್ಕೆ ಸೇರಿದವರೆಂಬ ಬಗ್ಗೆ ಗೋವೆಯ ಆರ್ಚ್‌ಬಿಷಪ್ಪರಿಗೂ, ರೋಮಿನಿಂದ ನೇಮಕಗೊಂಡಿದ್ದ ಬಿಷಪ್ ತೋಮಸ್ ದೆ ಕಾಸ್ತ್ರೋ ಅವರಿಗೂ ವಿವಾದವಿತ್ತು. ಒಂದು ಪಕ್ಷದ ಗುರುಗಳು ನೀಡಿದ ಸಂಸ್ಕಾರ ಸಿಂಧುವಲ್ಲವೆಂದು ಮತ್ತೊಂದು ಪಕ್ಷದವರು ಸಾರುತ್ತಿದ್ದರು. ಇದರಿಂದ ಗೊಂದಲಕ್ಕೆ ಬಿದ್ದವರು ಸಾಮಾನ್ಯ ಜನ. ಸಾಯುತ್ತಿರುವ ತಂದೆಗೆ ಅಂತ್ಯಸಂಸ್ಕಾರ ನೀಡಲು ಯಾವ ಗುರುವನ್ನು ಕರೆಯಬೇಕೆಂದು ತಿಳಿಯದ ಮನೆಯ ಸಂಕಟವನ್ನು ಊಹಿಸಿಕೊಳ್ಳಿ. ವಾಜ್ ಅವರನ್ನು ಗೋವೆಯ ಪಕ್ಷದ ಪ್ರತಿನಿಧಿಯಾಗಿಯೇ ಕಳುಹಿಸಲಾಗಿತ್ತು. ಆದರೂ ಅವರು ಬಿಷಪ್ ಕಾಸ್ತ್ರೋ ಅವರನ್ನು ಗೌರವದಿಂದ ಕಂಡು, ಎರಡೂ ಕಡೆಯವರಲ್ಲಿ ಸಮಾಧಾನಕ್ಕಾಗಿ ಬೇಡಿಕೊಂಡರು. ಅಧಿಕಾರದ ಜಗಳಕ್ಕಿಂತ ಸಾಯುವವನ ಹಾಸಿಗೆಯ ಬಳಿ ಒಬ್ಬ ಗುರು ಇರುವುದು ಮುಖ್ಯ ಎಂಬುದೇ ಅವರ ನಡವಳಿಕೆಯ ತಿರುಳಾಗಿತ್ತು.

1684ರಲ್ಲಿ ಗೋವೆಗೆ ಮರಳಿದ ಅವರು, ಮರುವರ್ಷ ಸೆಪ್ಟೆಂಬರ್ 25ರಂದು, ಹಳೇ ಗೋವೆಯ ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಕೂಡಿಬಾಳುತ್ತಿದ್ದ ಕೆಲವು ಸ್ಥಳೀಯ ಗುರುಗಳ ಬಳಗವನ್ನು ಸೇರಿ ಅದರ ಮುಖ್ಯಸ್ಥರಾದರು. ಅದೇ ಮುಂದೆ ಸಂತ ಫಿಲಿಪ್ ನೇರಿ ಅವರ ಹೆಸರಿನ ಒರೆಟರಿ ಸಂಸ್ಥೆಯಾಗಿ ಬೆಳೆಯಿತು. ಆದರೆ ಅವರ ಮನಸ್ಸನ್ನು ಬಹುಕಾಲದಿಂದ ಸೆಳೆಯುತ್ತಿದ್ದದ್ದು ಲಂಕೆ. 1658ರ ವೇಳೆಗೆ ಡಚ್ಚರು ಅಲ್ಲಿನ ಕರಾವಳಿಯನ್ನು ಪೋರ್ಚುಗೀಸರಿಂದ ಕಸಿದುಕೊಂಡು, ಕಥೋಲಿಕ ಗುರುಗಳನ್ನು ಹೊರಗಟ್ಟಿ, ಕಥೋಲಿಕ ಆಚರಣೆಯನ್ನು ನಿಷೇಧಿಸಿದ್ದರು. ಸುಮಾರು ಮೂವತ್ತು ವರ್ಷಗಳಿಂದ ಸಾವಿರಾರು ಭಕ್ತರು ಗುರುಗಳಿಲ್ಲದೆ ಬದುಕುತ್ತಿದ್ದರು, ಗುರುಗಳಿಲ್ಲದೆ ಸಾಯುತ್ತಿದ್ದರು. ಈ ವಿಷಯ ತಿಳಿದ ಮೇಲೆ ವಾಜ್ ಅವರಿಗೆ ಗೋವೆಯಲ್ಲಿ ನೆಮ್ಮದಿಯಿಂದ ಕುಳಿತಿರಲಾಗಲಿಲ್ಲ. ಸಿಕ್ಕಿಬಿದ್ದರೆ ಸೆರೆ ಅಥವಾ ಸಾವು ಎಂಬುದನ್ನು ಬಲ್ಲವರಾಗಿಯೇ, 1686ರಲ್ಲಿ ಅವರು ಗೋವೆಯನ್ನು ಬಿಟ್ಟರು. ಮತ್ತೆಂದೂ ಅವರು ಹುಟ್ಟೂರನ್ನು ಕಾಣಲಿಲ್ಲ.

ದಾರಿಯಲ್ಲಿ ಕೆನರಾದಲ್ಲಿ ಕೆಲಕಾಲ ನಿಂತು ಸೇವೆ ಸಲ್ಲಿಸಿ, ಕೇರಳದ ಕರಾವಳಿಯನ್ನು ಹಾದು ತೂತುಕುಡಿಯನ್ನು ತಲುಪಿದರು. ಅಲ್ಲಿಂದ 1687ರಲ್ಲಿ, ಕೂಲಿಯಾಳಿನ ವೇಷದಲ್ಲಿ, ಜೊವಾಂವ್ ಎಂಬ ನಿಷ್ಠಾವಂತ ಸೇವಕನೊಡನೆ ದೋಣಿಯೇರಿದರು. ಗಾಳಿಮಳೆಗೆ ಸಿಕ್ಕಿ, ಹಸಿವೆಯಿಂದ ಬಳಲಿ, ಕೊನೆಗೆ ಜಾಫ್ನಾ ತಲುಪಿದಾಗ ಅವರಿಗೆ ತೀವ್ರವಾದ ಆಮಶಂಕೆ ಹಿಡಿಯಿತು. ಅಂಟುರೋಗವೆಂಬ ಭಯದಿಂದ ಜನರು ಅವರಿಬ್ಬರನ್ನು ಊರ ಹೊರಗೆ ಬಿಟ್ಟುಬಿಟ್ಟರೆಂದೂ, ಕರುಣೆಯುಳ್ಳ ಹೆಂಗಸೊಬ್ಬಳು ಗಂಜಿ ತಂದುಕೊಟ್ಟು ಜೀವ ಉಳಿಸಿದಳೆಂದೂ ಅವರ ಜೀವನ ಚರಿತ್ರೆಗಳು ಹೇಳುತ್ತವೆ. ಈ ಘಟನೆಯನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಹೆಸರೂ ತಿಳಿಯದ ಆ ಹೆಣ್ಣುಮಗಳ ಒಂದು ಪಾತ್ರೆ ಗಂಜಿಯ ಋಣವನ್ನು ವಾಜ್ ಅವರು ಹತ್ತು ವರ್ಷಗಳ ನಂತರ ನೂರಾರು ಮಂದಿಗೆ ತೀರಿಸಿದರು.

ಚೇತರಿಸಿಕೊಂಡ ಮೇಲೆ ಅವರು ಕೊರಳಿಗೆ ಜಪಸರ ಧರಿಸಿ, ಭಿಕ್ಷುಕನಂತೆ ಮನೆಮನೆಯ ಬಾಗಿಲಿಗೆ ಹೋದರು. ಆ ಜಪಸರವನ್ನು ಕಂಡು ಯಾರ ಕಣ್ಣು ಹೊಳೆಯುವುದೋ ಅವರೇ ಕಥೋಲಿಕರೆಂದು ತಿಳಿಯುವುದು ಅವರ ಉಪಾಯ. ಹೀಗೆ ಒಂದೊಂದಾಗಿ ಮನೆಗಳನ್ನು ಗುರುತಿಸಿ, ರಾತ್ರಿಯ ಹೊತ್ತು ಗುಟ್ಟಾಗಿ ಬಲಿಪೂಜೆ ಅರ್ಪಿಸಿ, ಬೆಳಗಾಗುವ ಮೊದಲೇ ಮುಂದಿನ ಊರಿಗೆ ಸಾಗುತ್ತಿದ್ದರು. ತಮಿಳು ಕಲಿತರು, ಆಮೇಲೆ ಸಿಂಹಳವನ್ನೂ ಕಲಿತರು. ಜಾಫ್ನಾ ಬಳಿಯ ಸಿಲ್ಲಾಲೈ ಗ್ರಾಮದ ಜನ ಅವರಿಗೆ ಆಶ್ರಯವಿತ್ತರು. 1689ರ ಕ್ರಿಸ್‌ಮಸ್ ಹಬ್ಬದ ಇರುಳು ಡಚ್ ಅಧಿಕಾರಿಗಳು ದಾಳಿ ನಡೆಸಿ ಕಥೋಲಿಕರನ್ನು ಸೆರೆಹಿಡಿದರು. ಕೆಲವರು ಘೋರ ಶಿಕ್ಷೆಗೆ ಗುರಿಯಾದರು. ವಾಜ್ ಅವರು ಸಿಕ್ಕಿಬೀಳಲಿಲ್ಲ. ಅಲ್ಲಿಂದ ಅವರು ಪುತ್ತಳಮ್ ಮಾರ್ಗವಾಗಿ ಒಳನಾಡಿನ ಕ್ಯಾಂಡಿ ರಾಜ್ಯದತ್ತ ಹೊರಟರು.

1692ರಲ್ಲಿ ಕ್ಯಾಂಡಿಯನ್ನು ತಲುಪಿದಾಗ ಅವರಿಗೆ ದೊರೆತ ಸ್ವಾಗತ ಸೆರೆಮನೆ. ಪೋರ್ಚುಗೀಸರ ಗೂಢಚಾರನೆಂದು ಯಾರೋ ದೂರಿತ್ತಿದ್ದರು. ಅವರು ದುಃಖಿಸಲಿಲ್ಲ; ಸೆರೆಯಲ್ಲಿಯೇ ಸಿಂಹಳ ಭಾಷೆಯನ್ನು ಕಲಿಯತೊಡಗಿದರು. ಕ್ರಮೇಣ ಕಾವಲು ಸಡಿಲವಾಯಿತು. ಪುಟ್ಟ ಗುಡಿಸಲೊಂದು ಅವರ ದೇವಾಲಯವಾಯಿತು. ಬರಗಾಲ ಬಂದೊಮ್ಮೆ ನಾಡು ಕಂಗೆಟ್ಟಾಗ, ಬೌದ್ಧಧರ್ಮೀಯನಾದ ಅರಸ ಎರಡನೆಯ ವಿಮಲಧರ್ಮಸೂರ್ಯನ ಕೋರಿಕೆಯಂತೆ ಅವರು ಬಯಲಿನಲ್ಲಿ ಪೀಠವನ್ನಿರಿಸಿ ಪ್ರಾರ್ಥಿಸಿದರೆಂದೂ, ಮಳೆ ಸುರಿಯಿತೆಂದೂ ಪರಂಪರೆಯ ಹೇಳಿಕೆ. ಅರಸನಿಗೆ ಅವರ ಮೇಲೆ ವಿಶ್ವಾಸ ಮೂಡಿತು. ಆದರೆ ಕ್ಯಾಂಡಿಯ ಜನಸಾಮಾನ್ಯರ ಹೃದಯವನ್ನು ಅವರು ಗೆದ್ದದ್ದು ಮಳೆಯಿಂದಲ್ಲ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಕಾಣಿಸಿಕೊಂಡಿತು. ಸಿಡುಬೆಂದರೆ ಏನೆಂಬುದು ಇಂದಿನ ತರುಣರಿಗೆ ತಿಳಿಯದು. ನಮ್ಮ ಅಜ್ಜ ಅಜ್ಜಿಯರಿಗೆ ಚೆನ್ನಾಗಿ ತಿಳಿದಿತ್ತು. ಮೈಯೆಲ್ಲ ಕೀವುಗುಳ್ಳೆಗಳೆದ್ದು, ಬಟ್ಟೆ ತಾಗಿದರೂ ಚರ್ಮ ಉರಿಯುವಂತಾಗಿ, ಎಷ್ಟೋ ಮಂದಿ ಸತ್ತು, ಬದುಕಿದವರಲ್ಲಿ ಹಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಅದನ್ನು ತಡೆಯುವ ಲಸಿಕೆಯನ್ನು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಕಂಡುಹಿಡಿದದ್ದು 1796ರಲ್ಲಿ, ಅಂದರೆ ಇನ್ನೂ ನೂರು ವರ್ಷ ಕಳೆದ ಮೇಲೆ. ಕ್ಯಾಂಡಿಯಲ್ಲಿ ಅರಸನೂ ಶ್ರೀಮಂತರೂ ನಗರವನ್ನು ಬಿಟ್ಟು ದೂರ ಹೋದರು. ರೋಗ ಬಂದವರನ್ನು ಮನೆಯವರೇ ಹೊರಗೆ ಹಾಕಿ ಕಾಡಿನ ಅಂಚಿನಲ್ಲಿ ಬಿಟ್ಟುಬರುತ್ತಿದ್ದರು. ಅವರು ಕ್ರೂರಿಗಳಾಗಿರಲಿಲ್ಲ, ಮನೆಯಲ್ಲಿ ಉಳಿದ ಮಕ್ಕಳಾದರೂ ಬದುಕಲಿ ಎಂಬ ಭಯವೇ ಅವರಿಂದ ಹಾಗೆ ಮಾಡಿಸುತ್ತಿತ್ತು.

ವಾಜ್ ಅವರೂ, ಗೋವೆಯಿಂದ ಬಂದು ಅವರನ್ನು ಸೇರಿಕೊಂಡಿದ್ದ ಅವರ ಸೋದರ ಸಂಬಂಧದ ಕಿರಿಯ ಗುರು ಜೋಸೆಫ್ ಕಾರ್ವಾಲೊ ಅವರೂ ನಗರದಲ್ಲಿಯೇ ಉಳಿದರು. ಕಾಡಿಗೆ ಹೋಗಿ ರೋಗಿಗಳನ್ನು ಹುಡುಕಿ, ಚಪ್ಪರಗಳನ್ನು ಹಾಕಿ, ಖಾಲಿಬಿದ್ದ ಮನೆಗಳಲ್ಲಿ ಮಲಗಿಸಿ ಆರೈಕೆ ಮಾಡಿದರು. ಗಂಜಿ ಕುಡಿಸಿದರು, ಹುಣ್ಣುಗಳನ್ನು ತೊಳೆದರು, ಮಲಮೂತ್ರಗಳನ್ನು ಶುಚಿಗೊಳಿಸಿದರು. ಸತ್ತವರಿಗೆ ತಾವೇ ಗುಂಡಿ ತೋಡಿ ಮಣ್ಣು ಮಾಡಿದರು. ಕ್ರೈಸ್ತನೋ ಬೌದ್ಧನೋ ಎಂದು ಯಾರನ್ನೂ ಕೇಳಲಿಲ್ಲ. ಜಾಫ್ನಾದ ಊರ ಹೊರಗೆ ಒಮ್ಮೆ ತಾನೇ ಬಿದ್ದಿದ್ದ ಮನುಷ್ಯನಿಗೆ, ಕಾಡಿನಂಚಿನಲ್ಲಿ ಬಿದ್ದವನ ಸಂಕಟವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ನಾಳೆ ತಮಗೂ ಈ ರೋಗ ಬರಬಹುದೆಂಬ ಅರಿವು ಅವರಿಗೆ ಇದ್ದೇ ಇತ್ತು. ಆದರೂ ದಿನದಿನವೂ ಅದೇ ಹಾದಿ ಹಿಡಿದರು. ಹಿಂದಿರುಗಿ ಬಂದ ಅರಸನು ಈ ಸೇವೆಯನ್ನು ಕೇಳಿ ಬೆರಗಾದನು. ಅವರಿಗೂ ಅವರ ಸಂಗಾತಿಗಳಿಗೂ ತನ್ನ ರಾಜ್ಯದಲ್ಲಿ ತಡೆಯಿಲ್ಲದೆ ಸೇವೆ ಸಲ್ಲಿಸುವ ಸ್ವಾತಂತ್ರ್ಯ ಉಳಿಯಿತು.

ಮುಂದಿನ ವರ್ಷಗಳಲ್ಲಿ ಗೋವೆಯಿಂದ ಇನ್ನೂ ಹಲವು ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಅವರು ಸಿಂಹಳ, ತಮಿಳು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿ ಅಲ್ಲಿನ ಕ್ರೈಸ್ತ ಸಾಹಿತ್ಯಕ್ಕೆ ಅಡಿಪಾಯ ಹಾಕಿದರು. ವಾಜ್ ಅವರಿಗೆ ಉನ್ನತ ಪದವಿ ನೀಡುವ ಮಾತು ಬಂದಾಗ ಅವರು ಒಪ್ಪಲಿಲ್ಲ. ಸೇವಕನಾಗಿಯೇ ಉಳಿಯಲು ಬಯಸಿದರು. ಬರಿಗಾಲಿನ ಅಲೆದಾಟ, ಉಪವಾಸ, ನಿದ್ರೆಗೇಡಿತನಗಳಿಂದ ದೇಹ ಜರ್ಜರಿತವಾಗಿತ್ತು. 1710ರಲ್ಲಿ ಸಂಪೂರ್ಣ ಬಲಗುಂದಿದ ಅವರು ಕ್ಯಾಂಡಿಯಲ್ಲಿ ಹಾಸಿಗೆ ಹಿಡಿದರು.

ಮರಣಶಯ್ಯೆಯ ಸುತ್ತ ನೆರೆದ ಗುರುಗಳು ಕೊನೆಯ ಉಪದೇಶವನ್ನು ಬೇಡಿದರು. ಆಗ ಅವರು ದೊಡ್ಡ ತತ್ವವೇನನ್ನೂ ಹೇಳಲಿಲ್ಲ. ಬಾಳಿನುದ್ದಕ್ಕೂ ಮಾಡದೆ ಬಿಟ್ಟದ್ದನ್ನು ಸಾಯುವ ಹೊತ್ತಿನಲ್ಲಿ ಮಾಡುವುದು ಸುಲಭವಲ್ಲವೆಂದು ಮಾತ್ರ ಎಚ್ಚರಿಸಿದರು. ಸಂಸ್ಕಾರಗಳನ್ನು ಭಕ್ತಿಯಿಂದ ಸ್ವೀಕರಿಸಿ, 1711ರ ಜನವರಿ 16ರ ರಾತ್ರಿ ಶಾಂತವಾಗಿ ಪ್ರಾಣಬಿಟ್ಟರು. ಆಗ ಅವರಿಗೆ ಐವತ್ತೊಂಬತ್ತು ವರ್ಷ. ಅದರಲ್ಲಿ ಇಪ್ಪತ್ತನಾಲ್ಕು ವರ್ಷಗಳನ್ನು ಲಂಕೆಗೆ ಕೊಟ್ಟಿದ್ದರು. ಜಗದ್ಗುರು ಎರಡನೆಯ ಜಾನ್ ಪೌಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಘೋಷಿಸಿದರು. ಅದೇ ಕೊಲಂಬೊದ ಕಡಲತೀರದಲ್ಲಿ ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಅವರಿಗೆ ಸಂತ ಪದವಿಯನ್ನಿತ್ತರು. ವಾಡಿಕೆಯಂತೆ ಬೇಕಾಗುವ ಎರಡನೆಯ ಪವಾಡದ ನಿಬಂಧನೆಯನ್ನು ಅವರ ವಿಷಯದಲ್ಲಿ ಸಡಿಲಿಸಲಾಯಿತು.

ಈ ಜೀವನದಿಂದ ನಾವು ಕಲಿಯಬೇಕಾದದ್ದೇನು? ಮರಣಕ್ಕೆ ಹೆದರದಿರುವುದು ಸಂತರಿಗೆ ಹುಟ್ಟಿನಿಂದ ಬಂದ ಗುಣವೆಂದು ನಾವು ತಿಳಿಯುತ್ತೇವೆ. ವಾಜ್ ಅವರ ವಿಷಯದಲ್ಲಿ ಅದು ಅಭ್ಯಾಸದಿಂದ ಬಂದದ್ದು. ಕೆನರಾದಲ್ಲಿ, ಜಾಫ್ನಾದಲ್ಲಿ, ಕ್ಯಾಂಡಿಯಲ್ಲಿ ಸಾಯುವವರ ಪಕ್ಕದಲ್ಲಿ ಕುಳಿತು ಕುಳಿತು ಅವರಿಗೆ ಮರಣದ ಪರಿಚಯವಾಗಿತ್ತು. ಪ್ರತಿದಿನ ತನ್ನ ನೆಮ್ಮದಿಯನ್ನು, ಆರೋಗ್ಯವನ್ನು, ಹೆಸರನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತ ಬಂದವರಿಗೆ ಕೊನೆಯ ದಿನ ಬಿಟ್ಟುಕೊಡಲು ಹೆಚ್ಚೇನೂ ಉಳಿದಿರಲಿಲ್ಲ. ಶಿಲುಬೆಯ ಮೇಲೆ ಪ್ರಭು ಕ್ರಿಸ್ತರು ಅರ್ಪಿಸಿದ ಬಲಿಯೂ ಒಂದು ಮಧ್ಯಾಹ್ನದ್ದು ಮಾತ್ರವಲ್ಲ. ಕುಷ್ಠರೋಗಿಯನ್ನು ಮುಟ್ಟಿದ ದಿನ, ಶಿಷ್ಯರ ಪಾದ ತೊಳೆದ ರಾತ್ರಿ, ಎಲ್ಲವೂ ಆ ಬಲಿಯ ಭಾಗವೇ.

ಸಿಡುಬು ಈಗ ಇಲ್ಲ. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಅದು ಜಗತ್ತಿನಿಂದಲೇ ಅಳಿದುಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆದರೆ ರೋಗಿಯನ್ನು ದೂರವಿಡುವ ಭಯ ಅಳಿದಿಲ್ಲ. 2020 ಮತ್ತು 2021ರ ಕೊರೋನಾ ದಿನಗಳಲ್ಲಿ ಅದನ್ನು ನಾವೆಲ್ಲ ನಮ್ಮೊಳಗೇ ಕಂಡೆವು. ನೆರೆಮನೆಯ ಬಾಗಿಲಿನ ಮುಂದೆ ಹಾದುಹೋಗಲು ಅಂಜಿದೆವು. ಬಂಧುಗಳ ಅಂತ್ಯಕ್ರಿಯೆಗೂ ಹೋಗಲಾಗದೆ ಮನೆಯಲ್ಲಿಯೇ ಕುಳಿತು ಕಣ್ಣೀರಿಟ್ಟೆವು. ಸರಕಾರದ ನಿಯಮಗಳನ್ನು ಪಾಲಿಸಿದ್ದು ಸರಿಯೇ. ಆದರೆ ನಿಯಮ ಸಡಿಲವಾದ ಮೇಲೂ ನಮ್ಮ ಕಾಲು ಕೆಲವು ಮನೆಗಳತ್ತ ಏಳಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ಹಾಗೆ ಹಿಂದೆ ಸರಿದವರಲ್ಲಿ ನಾವೂ ಇದ್ದೆವು.

ಇಂದು ಕ್ಯಾಂಡಿಯ ಕಾಡು ನಮ್ಮ ಊರುಗಳಲ್ಲಿ ಬೇರೆ ರೂಪದಲ್ಲಿದೆ. ದುಡಿಮೆಗಾಗಿ ಮಕ್ಕಳು ಕೊಲ್ಲಿ ದೇಶಗಳಿಗೋ ಮುಂಬಯಿ ಬೆಂಗಳೂರಿಗೋ ಹೋಗಿರುವ ಮನೆಗಳಲ್ಲಿ ವೃದ್ಧ ತಂದೆತಾಯಂದಿರು ಒಂಟಿಯಾಗಿದ್ದಾರೆ. ಹಣ ತಿಂಗಳು ತಿಂಗಳು ಬರುತ್ತದೆ. ಆದರೆ ಹಾಸಿಗೆಯ ಬಳಿ ಕುಳಿತು ಒಂದು ಲೋಟ ಗಂಜಿ ಕುಡಿಸುವವರಿಲ್ಲ. ಪಾರ್ಶ್ವವಾಯುವಿನಿಂದ ಮಲಗಿದವರು, ಅರ್ಬುದ ರೋಗದ ಕೊನೆಯ ಹಂತದಲ್ಲಿರುವವರು, ನೆನಪು ಕಳೆದುಕೊಂಡವರು ನಮ್ಮ ಪ್ರತಿಯೊಂದು ವಾಳೆಯಲ್ಲಿಯೂ ಇದ್ದಾರೆ. ಅವರನ್ನು ವಾರಕ್ಕೊಮ್ಮೆ ಹೋಗಿ ಕಾಣಲು ಲಂಕೆಗೆ ದೋಣಿಯೇರಬೇಕಾಗಿಲ್ಲ. ಮಕ್ಕಳನ್ನೂ ಜೊತೆಯಲ್ಲಿ ಕರೆದೊಯ್ಯೋಣ. ಹುಷಾರಿಲ್ಲದವರ ಮನೆಗೆ ಮಕ್ಕಳು ಬೇಡವೆಂದು ತಡೆಯುವುದು ನಮ್ಮ ವಾಡಿಕೆ. ಆದರೆ ರೋಗಿಯ ಕೈ ಹಿಡಿಯಲು ಕಲಿಯದ ಮಗು ನಾಳೆ ನಮ್ಮ ಕೈ ಹಿಡಿಯುವುದು ಹೇಗೆ?

ಹೊನ್ನಾವರದಲ್ಲಿ ಸಂತ ಜೋಸೆಫ್ ವಾಜ್ ಕಟ್ಟಿಸಿದ ಆ ಇಗರ್ಜಿಯಿಂದ ಇಂದಿನವರೆಗೆ ಮೂರು ಶತಮಾನಗಳಿಗೂ ಹೆಚ್ಚು ಕಾಲ ಸಂದಿದೆ. ಶರಾವತಿಯಲ್ಲಿ ಎಷ್ಟೋ ನೀರು ಹರಿದುಹೋಗಿದೆ. ಜಪಸರ ಮಾತ್ರ ಅದೇ. ಅದನ್ನೇ ಕೊರಳಿಗೆ ಧರಿಸಿ ಅವರು ಅಪರಿಚಿತರ ಬಾಗಿಲು ತಟ್ಟಿದರು. ಇಂದು ಸಂಜೆ ಅದು ನಮ್ಮ ಕೈಯಲ್ಲಿರುವಾಗ, ಈಗಿನ ಗಳಿಗೆಯೆಂಬ ಮಾತು ಬಂದಲ್ಲಿ ಒಂದು ಕ್ಷಣ ನಿಲ್ಲೋಣ. ನಮ್ಮ ಬೀದಿಯಲ್ಲಿ ಹಾಸಿಗೆ ಹಿಡಿದಿರುವ ಒಬ್ಬರ ಹೆಸರನ್ನು ನೆನೆಯೋಣ. ನಾಳೆ ಅವರ ಮನೆಯ ಬಾಗಿಲು ತಟ್ಟೋಣ. ಮರಣದ ಗಳಿಗೆಯ ಚಿಂತೆಯನ್ನು ಆ ತಾಯಿಗೆ ಒಪ್ಪಿಸಿ ನೆಮ್ಮದಿಯಿಂದಿರೋಣ. ಸಂತ ಜೋಸೆಫ್ ವಾಜ್ ಅವರು ನಮ್ಮ ಕುಟುಂಬಗಳಿಗಾಗಿ ದೇವರಲ್ಲಿ ಬಿನ್ನವಿಸಲಿ.